ಯಾರೂ ಮಲಗದ ಬೆಡ್‌ಶೀಟು

ಮಾರ್ಚ್ 3, ಸೋಮವಾರ

ತಂಗೀ, ಹೇಗಿದ್ದೀಯ? ಭಾವನವರ ಕೆಮ್ಮು ಇಳಿಯಿತೇ? ನಿಮ್ಮತ್ತೆಯವರ ಕಣ್ಣಿನ ಪಟ್ಟಿ ಬಿಚ್ಚಿದರೇ? ಬಿಚ್ಚಿದ್ದರೆ ಈಗ ನಿನ್ನ ಅಡುಗೆಯ ಹುಳುಕು ಅವರಿಗೆ ಇನ್ನೂ ಚೆನ್ನಾಗಿ ಕಾಣುತ್ತಿರಬೇಕು. ನಿನ್ನ ಕಿರಿ ಮೊಮ್ಮಗಳು, ಆ ಚೋಟುಮೆಣಸಿನಕಾಯಿ, ಶಾಲೆಗೆ ಅಳದೆ ಹೋಗುತ್ತಾಳೆಯೇ?

ಇದು ಅಂಚೆಗೆ ಹಾಕುವ ಕಾಗದವಲ್ಲ, ನನ್ನ ದಿನಚರಿ. ಇಷ್ಟು ವರ್ಷ ನಿನಗೆ ಬರೆದು ಬರೆದು ನನ್ನ ಕೈಗೆ ಬೇರೆ ಥರ ಶುರು ಮಾಡಲು ಬರುವುದಿಲ್ಲ. ‘ಬೆಳಿಗ್ಗೆ ಎದ್ದೆ’ ಎಂದು ಬರೆದರೆ, ಎದ್ದದ್ದನ್ನು ಯಾರಿಗೆ ಹೇಳುತ್ತಿದ್ದೇನೆ ಅನ್ನಿಸುತ್ತದೆ. ಅದಕ್ಕೇ ನಿನ್ನನ್ನು ಎದುರಿಗೆ ಕೂರಿಸಿಕೊಂಡಿದ್ದೇನೆ. ನೀನು ಓದುವುದಿಲ್ಲ ಅನ್ನುವ ಧೈರ್ಯವೂ ಇದೆ ಅನ್ನು.

ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ ಒಂದೂವರೆ ವರ್ಷದ ಹಿಂದೆ ನಿಂತದ್ದು ನಿನಗೆ ಗೊತ್ತೇ ಇದೆ. ಎರಡನೆಯದನ್ನೂ ಬರುವ ವರ್ಷ ಮುಚ್ಚುತ್ತಾರೆ. ವಯಸ್ಸಾಯಿತಂತೆ. ನನಗೂ ಆಯಿತು, ನನ್ನನ್ನು ಯಾರೂ ಮುಚ್ಚಿಲ್ಲವಲ್ಲ ಅಂದೆ. “ಬಾಯಿ ಒಂದು ಮುಚ್ಚಿದ್ರೆ ಸಾಕಿತ್ತು” ಅಂದಳು ನಿನ್ನ ಅತ್ತಿಗೆ.

ಇಂಧನ ಬದಲಿಸಲು ಘಟಕ ನಿಲ್ಲಿಸಿದಾಗಲೆಲ್ಲ ವೆಲ್ಡರುಗಳು, ಫಿಟ್ಟರುಗಳು, ಪೇಂಟರುಗಳು ಎಲ್ಲೆಲ್ಲಿಂದಲೋ ಬಂದು ಈ ಬೀದಿ ತುಂಬುತ್ತಿತ್ತು. ಹಗಲು ಪಾಳಿಗೆ ಒಬ್ಬ ಎದ್ದು ಹೋದ ಹಾಸಿಗೆಗೆ ರಾತ್ರಿ ಪಾಳಿ ಮುಗಿಸಿದವನು ಬಂದು ಬೀಳುತ್ತಿದ್ದ. ನಡುವೆ ಬೆಡ್‌ಶೀಟು ಬದಲಿಸಲೇಬೇಕು, ಅದು ನಿನ್ನ ಅತ್ತಿಗೆಯ ಕಾನೂನು. ಬೀದಿಯ ಎಲ್ಲ ಲಾಡ್ಜಿನ ಬೆಡ್‌ಶೀಟುಗಳ ಮೇಲೇ ನಿನ್ನ ಮಗನ ಲಾಂಡ್ರಿ ಎದ್ದು ನಿಂತದ್ದು. ‘ಹುಡುಗನನ್ನು ನನಗೆ ಬಿಡು, ಅವನ ಜೀವನ ನಾನು ನೋಡಿಕೊಳ್ಳುತ್ತೇನೆ’ ಎಂದು ನಾನೇ ಬರೆದು ಅವನನ್ನು ಕರೆಸಿಕೊಂಡೆ.

ಈಗ ನಮ್ಮ ಹನ್ನೆರಡು ರೂಮುಗಳಲ್ಲಿ ಒಂದರಲ್ಲಿ ಔಷಧಿ ಕಂಪನಿಯವನೊಬ್ಬ ವಾರಕ್ಕೊಮ್ಮೆ ತಂಗುತ್ತಾನೆ. ಮಿಕ್ಕವು ವಿಶ್ರಾಂತಿಯಲ್ಲಿವೆ. ನಿನಗೆ ಹೋದ ವಾರ ಹಾಕಿದ ಕಾಗದದಲ್ಲಿ ‘ವ್ಯಾಪಾರ ಪರವಾಗಿಲ್ಲ’ ಎಂದು ಬರೆದಿದ್ದೆ.

ಮಾರ್ಚ್ 6, ಗುರುವಾರ

ಸ್ಥಾವರ ಮುಚ್ಚಿದರೆ ಊರಿನ ಹೊಟ್ಟೆಪಾಡಿಗೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ಅಳೆಯಲು ಸರ್ಕಾರ ಒಬ್ಬ ಮೇಡಂ ಅವರನ್ನು ಕಳಿಸಿದೆ. ಇನ್ನೂ ಚಿಕ್ಕ ವಯಸ್ಸು, ಅರ್ಥಶಾಸ್ತ್ರ ಓದಿದವರು. ಬುಧವಾರ ನಮ್ಮ ಬೀದಿಗೆ ಬರುತ್ತಾರೆ.

ಲಾಡ್ಜ್ ಮಾಲೀಕರ ಸಂಘಕ್ಕೆ ನಾನು ಅಧ್ಯಕ್ಷ ತಾನೇ, ಎದುರುಮನೆ ಕ್ಷೌರಿಕನ ಅಂಗಡಿಯಲ್ಲಿ ಸಭೆ ಕರೆದೆ. ಅವನ ಕುರ್ಚಿಗಳು ಹೇಗೂ ಬಿಡುವಾಗಿದ್ದವು. ಹೋದ ತಿಂಗಳು ಪತ್ರಿಕೆಯವನೊಬ್ಬ ಬಂದು ಫೋಟೋ ತೆಗೆದು ‘ಹಾಳುಬಿದ್ದ ಬೀದಿ’ ಎಂದು ಅಚ್ಚು ಹಾಕಿದ್ದು ಎಲ್ಲರಿಗೂ ಚುಚ್ಚಿತ್ತು. ಆ ಫೋಟೋದಲ್ಲಿ ನಮ್ಮ ಲಾಡ್ಜಿನ ಬೋರ್ಡೇ ಎದ್ದು ಕಾಣುತ್ತಿತ್ತು. ಬೀಗರ ಕಡೆಯವರು ಫೋನು ಮಾಡಿ ಸಮಾಧಾನ ಹೇಳಿದರು. ಆ ಸಮಾಧಾನ ಕೇಳುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ.

“ಈ ಮೇಡಮ್ಮೂ ಬಂದು ಹಾಳು ಅಂತ ಬರ್ಕೊಂಡು ಹೋದ್ರೆ ಮುಗೀತು” ಅಂದ ಕ್ಷೌರಿಕ. “ಸತ್ತೇಹೋದೋನಿಗೆ ಯಾರು ಔಷಧಿ ಕೊಡ್ತಾರೆ? ಉಸಿರಾಡ್ತಿದ್ದೀವಿ ಅಂತ ತೋರಿಸ್ಬೇಕು.”

ಅದು ನನಗೂ ಸರಿ ಅನ್ನಿಸಿತು. ನಡೆಯುತ್ತಿರುವ ಬೀದಿಯನ್ನು ಯಾರೂ ಕೈಬಿಡುವುದಿಲ್ಲ. ‘ಬುಧವಾರ ಒಂದು ದಿನ ಎಲ್ಲರೂ ಬೀದಿಯ ಮರ್ಯಾದೆ ಉಳಿಸಿ’ ಎಂದು ನಾನು ಮಾತಾಡಿದೆ. ಚಪ್ಪಾಳೆ ತಟ್ಟಿದರು.

ಮಾರ್ಚ್ 10, ಸೋಮವಾರ

ಇವತ್ತು ಕೆಲಸವೋ ಕೆಲಸ. ಹಳೇ ಗಿರಾಕಿಗಳು ಬಿಟ್ಟುಹೋದ ಬೂಟುಗಳು ಅಟ್ಟದಲ್ಲಿದ್ದವು, ಇಳಿಸಿ ಒರೆಸಿ ಒಂದೊಂದು ಬಾಗಿಲ ಮುಂದೆ ಒಂದೊಂದು ಜೊತೆ ಇಟ್ಟೆ. ಎರಡು ರೂಮಿನಲ್ಲಿ ರೇಡಿಯೋ ಹಾಕಿ ನೋಡಿದೆ, ಮೆಟ್ಟಿಲಿನವರೆಗೆ ಕೇಳುತ್ತದೆ.

“ಯಾರಿಗ್ರೀ ರೇಡಿಯೋ? ಹಲ್ಲಿಗಳಿಗಾ?” ಅಂದಳು ನಿನ್ನ ಅತ್ತಿಗೆ.

“ಮೇಡಂ ಬಂದಾಗ ಮನೆ ತುಂಬಿದ ಹಾಗಿರ್ಲಿ ಅಂತ.”

“ಬೂಟು ನಿಮ್ಮ ಗಿರಾಕಿ, ಹಲ್ಲಿ ನಿಮ್ಮ ಗಿರಾಕಿ. ಹಲ್ಲಿ ಬಾಡಿಗೆ ಕೊಡುತ್ತಾ ಕೇಳಿ.”

ಅವಳಿಗೆ ಇದು ಹಿಡಿಸಿಲ್ಲ. ಹಿಡಿಸಿತು ಅನ್ನುವ ಮಾತು ಅವಳ ಬಾಯಲ್ಲಿ ಯಾವತ್ತು ಬಂದಿದೆ ಹೇಳು.

ಸಂಜೆ ಲಾಂಡ್ರಿಗೆ ಹೋದೆ. ನಿನ್ನ ಮಗ ಒಬ್ಬನೇ ಇಸ್ತ್ರಿ ಮಾಡುತ್ತಿದ್ದ. ಕೆಲಸದವರಿಬ್ಬರನ್ನೂ ಬಿಡಿಸಿದ್ದಾನೆ. ಬೀರುವಿನಲ್ಲಿ ಮಡಚಿಟ್ಟ ನಮ್ಮ ಬೆಡ್‌ಶೀಟುಗಳನ್ನೆಲ್ಲ ತಂದು ಒಗೆದು ತಾರಸಿಯ ತಂತಿಯಲ್ಲಿ ಸಾಲಾಗಿ ಹರಡಬೇಕು, ಮಿಕ್ಕ ಲಾಡ್ಜಿನವರವೂ ಬರುತ್ತವೆ ಅಂದೆ.

“ಮಾವ, ಅವು ಒಗೆದಿರೋವೇ ಅಲ್ವಾ?”

“ಒಗೆದಿದ್ದನ್ನೇ ಒಗಿ. ಒದ್ದೆ ಇರ್ಬೇಕು, ಅಷ್ಟೇ.”

ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟ. “ಮೇಡಂ ನನ್ನನ್ನ ಏನಾದ್ರೂ ಕೇಳಿದ್ರೆ?”

“ಮೊದಲಿನ ಹಾಗೇ ಬರ್ತಿದೆ ಅನ್ನು. ಬೀದಿ ಮರ್ಯಾದೆ ಕಣೋ.”

“ಸರಿ ಮಾವ.” ಎರಡನೇ ಮಾತಿಲ್ಲ. ಎಂಥ ಮಗನನ್ನು ಹೆತ್ತಿದ್ದೀಯ ತಂಗಿ!

ಮಾರ್ಚ್ 12, ಬುಧವಾರ

ಬಂದರು, ಹೋದರು. ಗೆದ್ದೆವು!

ಮೇಡಂ ಬಹಳ ಮರ್ಯಾದಸ್ಥರು, ‘ಸಾರ್, ಸಾರ್’ ಎಂದೇ ಮಾತಾಡಿಸಿದರು. ಅಧ್ಯಕ್ಷ ಎಂದು ನನ್ನನ್ನೇ ಜೊತೆಯಲ್ಲಿ ಕರೆದುಕೊಂಡು ಬೀದಿ ಸುತ್ತಿದರು. ಕ್ಷೌರಿಕನ ಮೂರೂ ಕುರ್ಚಿಯಲ್ಲಿ ಜನ. ಒಬ್ಬ ಅವನ ಷಡ್ಡಕ, ಒಬ್ಬ ಅವನ ತಮ್ಮ, ಮೂರನೆಯವನು ಪೂರ್ತಿ ಬೋಳುತಲೆಯವನು. ಅವನನ್ನು ಯಾಕಪ್ಪಾ ಕೂರಿಸಿದ ಅಂದುಕೊಂಡೆ. ಮೇಡಂ ಕಣ್ಣು ಅತ್ತ ಹೋಗಲಿಲ್ಲ.

ನಮ್ಮ ಲಾಡ್ಜಿಗೂ ಬಂದರು. ಬೂಟಿನ ಸಾಲು ನೋಡಿ, “ಎಲ್ಲರೂ ಒಳಗಿದ್ದಾರಾ ಸಾರ್?” ಅಂದರು. ರಾತ್ರಿ ಪಾಳಿ, ಮಲಗಿದ್ದಾರೆ, ಎಬ್ಬಿಸುವುದು ಬೇಡ ಅಂದೆ. ಅವರೇ ಕಾಲು ಮೆತ್ತಗೆ ಇಡುತ್ತಾ ಇಳಿದರು. ಪಾಪ ಅನ್ನಿಸಿತು.

ಮೆಟ್ಟಿಲ ಕೆಳಗೆ ನಿಂತು ನಗುತ್ತಾ ಒಂದು ಮಾತು ಹೇಳಿದರು. “ಬೇಜಾರು ಮಾಡ್ಕೋಬೇಡಿ ಸಾರ್. ಇಂಥ ಸಮೀಕ್ಷೆಯಲ್ಲಿ ನಾನು ಮಾಲೀಕರ ಮಾತು ನಂಬಲ್ಲ. ಕೆಲವರು ಜಾಸ್ತಿ ಹೇಳ್ತಾರೆ, ಕೆಲವರು ಕಮ್ಮಿ ಹೇಳ್ತಾರೆ. ಲಾಡ್ಜ್ ತುಂಬಿದೆಯಾ ಅಂತ ನೋಡೋಕೆ ನಾನು ಲಾಂಡ್ರಿಗೆ ಹೋಗ್ತೀನಿ. ಯಾರೂ ಮಲಗದ ಬೆಡ್‌ಶೀಟನ್ನ ಯಾರೂ ಒಗೆಯಲ್ಲ ನೋಡಿ.”

ಸಿಕ್ಕಿಬಿದ್ದೆವು ಅಂದುಕೊಂಡೇ ಅವರ ಹಿಂದೆ ಲಾಂಡ್ರಿಗೆ ಹೋದೆ. ಆದರೆ ನಿನ್ನ ಮಗ ಕೈಬಿಡಲಿಲ್ಲ. ತಾರಸಿಯ ಮೇಲೆ ಬಿಳೀ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. “ಮೊದಲಿನ ಹಾಗೇ ಬರ್ತಿದೆ ಮೇಡಂ” ಅಂದ. ಅವರು ತಂತಿಗಳ ನಡುವೆ ಒಂದು ಸುತ್ತು ಹಾಕಿ ಬರೆದುಕೊಂಡರು. ಬೀದಿಯವರೆಲ್ಲ ಸಂಜೆ ಬಂದು ನನ್ನ ಕೈ ಕುಲುಕಿದರು.

ಮಾರ್ಚ್ 13, ಗುರುವಾರ

ಚೆನ್ನಾಗಿ ನಿದ್ದೆ ಬಂತು. ಬೂಟುಗಳನ್ನು ಅಟ್ಟಕ್ಕೆ ಹಾಕಿದೆ.

ಮಾರ್ಚ್ 27, ಗುರುವಾರ

ಶಾಲೆಯ ಸಭಾಂಗಣದಲ್ಲಿ ಕರಡು ವರದಿ ಓದಿದರು. ಸಮಿತಿಯ ಇಬ್ಬರು ಹಿರಿಯರು ಮೇಜಿನ ಹಿಂದೆ, ಮೇಡಂ ಮೈಕಿನ ಮುಂದೆ.

ಊರನ್ನು ಮೂರು ಗುಂಪು ಮಾಡಿದ್ದಾರೆ. ಸ್ಥಾವರದಿಂದ ಆಗಲೇ ಪೆಟ್ಟು ತಿಂದವರು ಮೊದಲ ಗುಂಪು. ಅವರಿಗೆ ಹೊಸ ಕಸುಬಿಗೆ ಸಹಾಯ, ಯಂತ್ರ, ತರಬೇತಿ ಎಲ್ಲ ಮೊದಲು. ಎರಡನೆಯದು ಮುಂದೆ ಪೆಟ್ಟು ತಿನ್ನುವವರು. ಮೂರನೆಯದು, ‘ಸ್ಥಾವರವಿಲ್ಲದೆಯೂ ಸ್ವಂತ ಕಾಲ ಮೇಲೆ ನಿಲ್ಲಬಲ್ಲವರು’. ಇವರಿಗೆ ಸಹಾಯದ ಅಗತ್ಯವಿಲ್ಲ.

ನಮ್ಮ ಬೀದಿ ಮೂರನೆಯದು.

“ಒಂದು ಘಟಕ ನಿಂತ ಮೇಲೂ ಈ ಬೀದಿಯ ವಸತಿ ವ್ಯಾಪಾರ ಕುಗ್ಗಿಲ್ಲ. ಲಾಂಡ್ರಿಯ ಕೆಲಸವೇ ಇದಕ್ಕೆ ಸಾಕ್ಷಿ” ಎಂದು ಮೇಡಂ ಓದಿದರು. ಹೊಗಳಿದ ಹಾಗೇ ಇತ್ತು. ಹಿಂದಿನ ಸಾಲಿನಿಂದ ಯಾರೋ ಒಬ್ಬ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿ ನಿಲ್ಲಿಸಿಬಿಟ್ಟ.

ಹೊರಗೆ ಬರುವಾಗ ನನಗೆ ಇನ್ನೊಂದು ಗೊತ್ತಾಯಿತು, ಕ್ಷೌರಿಕನ ಬಾಯಿಂದ. ನಿನ್ನ ಮಗ ಪಕ್ಕದ ಊರಿನ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಮಾತಾಡಿದ್ದನಂತೆ. ಕುದಿಯುವ ನೀರಿನ ದೊಡ್ಡ ಯಂತ್ರ ಇದ್ದರೆ ಕೊಡುತ್ತೇವೆ ಅಂದಿದ್ದರಂತೆ. ಮೊದಲ ಗುಂಪಿನಲ್ಲಿ ಹೆಸರು ಬಂದರೆ ಯಂತ್ರ ಬರುತ್ತದೆ ಎಂದು ಕಾಯುತ್ತಿದ್ದನಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಹೇಳಲು ನಾನೆಲ್ಲಿ ಬಿಟ್ಟೆ? ಅವತ್ತು ಲಾಂಡ್ರಿಯಲ್ಲಿ ಮಾತಾಡಿದವನು ನಾನೊಬ್ಬನೇ.

ಮಾರ್ಚ್ 28, ಶುಕ್ರವಾರ

ನಿನ್ನ ಕಾಗದ ಬಂತು. ‘ಅಣ್ಣ ಇರುವಾಗ ನನ್ನ ಮಗನ ಚಿಂತೆ ನನಗಿಲ್ಲ’ ಎಂದು ಬರೆದಿದ್ದೀಯ. ಮಡಚಿಟ್ಟೆ.

ಏಪ್ರಿಲ್ 1, ಮಂಗಳವಾರ

ನಿನ್ನ ಮಗ ಬೆಡ್‌ಶೀಟುಗಳನ್ನು ವಾಪಸು ತಂದ. ಇಸ್ತ್ರಿ ಮಾಡಿ, ಅಂಚಿಗೆ ಅಂಚು ಕೂಡಿಸಿ ಮಡಚಿದ್ದಾನೆ. ಸುಳ್ಳಿಗೆಂದು ಒಗೆದ ಬಟ್ಟೆಗೂ ಅಷ್ಟು ಅಚ್ಚುಕಟ್ಟು.

“ಯಂತ್ರದ ವಿಷಯ ನನಗ್ಯಾಕೋ ಹೇಳಲಿಲ್ಲ?” ಅಂದೆ.

“ನೀವು ಆ ದಿನ ಅಷ್ಟು ಖುಷಿಯಲ್ಲಿದ್ರಿ ಮಾವ.”

“ಸಮಿತಿಗೆ ಹೋಗಿ ನಿಜ ಹೇಳು. ಹನ್ನೊಂದನೇ ತಾರೀಖಿನವರೆಗೂ ಆಕ್ಷೇಪ ಕೇಳ್ತಾರೆ.”

“ಏನಂತ? ನಮ್ಮ ಮಾವ ಸುಳ್ಳು ಹೇಳಿಸಿದ್ರು ಅಂತಲಾ?” ನಕ್ಕ. ಕೋಪದ ನಗೆಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ. “ಹೋಗ್ಲಿ ಬಿಡಿ ಮಾವ. ಲಾಂಡ್ರಿ ಮಾರಿ ಬೇರೆ ಕಡೆ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋತೀನಿ.”

ನಿನ್ನ ಅತ್ತಿಗೆ ಅಡುಗೆಮನೆಯಿಂದಲೇ ಕೂಗಿದಳು, “ಊಟ ಮಾಡ್ಕೊಂಡು ಹೋಗೋ ಅಳಿಯ!” ಅವನು ಹೋಗಿಯಾಗಿತ್ತು. ಆಮೇಲೆ ಬಂದು ನನ್ನ ಎದುರಿಗೆ ಕೂತಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಅವಳು ಬೈಯದೆ ಇದ್ದದ್ದು ಇದೇ ಮೊದಲು.

ಏಪ್ರಿಲ್ 4, ಶುಕ್ರವಾರ

ಮೇಡಂ ಇಳಿದುಕೊಂಡಿರುವ ಅತಿಥಿಗೃಹದ ಗೇಟಿನವರೆಗೆ ಹೋದೆ. ಕಾವಲಿನವನು “ಏನ್ ಕೆಲಸ ಯಜಮಾನ್ರೇ?” ಅಂದ. ಸುಮ್ಮನೆ ವಾಕಿಂಗ್ ಅಂದೆ.

ವಾಕಿಂಗ್. ಈ ವಯಸ್ಸಿನಲ್ಲಿ ಸುಳ್ಳು ನಾಲಿಗೆಯ ತುದಿಯಲ್ಲೇ ಕೂತಿರುತ್ತದೆ, ಕರೆಯುವುದೇ ಬೇಡ.

ಏಪ್ರಿಲ್ 7, ಸೋಮವಾರ

ಇವತ್ತು ಒಳಗೆ ಹೋದೆ. ನಿನ್ನ ಅತ್ತಿಗೆ ಗೇಟಿನ ತನಕ ಜೊತೆಗೆ ಬಂದು, “ನೀವು ಹೊರಗೆ ಬರೋವರೆಗೂ ಇಲ್ಲೇ ನಿಂತಿರ್ತೀನಿ, ವಾಕಿಂಗ್ ಗೀಕಿಂಗ್ ಅಂದ್ರೆ ನೋಡಿ” ಅಂದಳು.

ಎಲ್ಲವನ್ನೂ ಹೇಳಿದೆ. ಬೂಟು, ರೇಡಿಯೋ, ಬೋಳುತಲೆ, ಬೆಡ್‌ಶೀಟು. ಹೇಳಿದ ಮೇಲೆ ‘ಪರವಾಗಿಲ್ಲ ಸಾರ್’ ಅನ್ನುತ್ತಾರೆ ಎಂದು ಎಲ್ಲೋ ಒಂದು ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

ಮೇಡಂ ಮುಖ ಕೆಂಪಾಯಿತು. “ನಾನು ಕಾಲು ಮೆತ್ತಗೆ ಇಟ್ಕೊಂಡು ಇಳಿದೆ. ನೀವು ನೋಡ್ತಾ ನಿಂತಿದ್ರಿ.”

“ಹೌದಮ್ಮ.”

“ನಿಮ್ಮ ಒಂದು ಬೀದಿಯದ್ದಲ್ಲ ಇದು. ಆ ಲೆಕ್ಕದ ಮೇಲೆ ತರಕಾರಿಯವರು, ಆಟೋದವರು, ಊಟದ ಹೋಟೆಲಿನವರು, ಎಲ್ಲರದ್ದೂ ಕಟ್ಟಿದ್ದೀನಿ. ಎಲ್ಲ ಬಿಚ್ಚಬೇಕು. ಅದೂ ನೀವು ಬಂದು ಹೇಳಿದ್ರಿ ಅಂತ ಸಮಿತಿ ಒಪ್ಪಲ್ಲ. ಮೂರನೇ ಗುಂಪು ಅಂದ ಮೇಲೆ ಎಲ್ಲರೂ ಖಾಲಿ ಅಂತಲೇ ಬರ್ತಾರೆ.”

“ಏನು ಮಾಡ್ಬೇಕು ಹೇಳಿ.”

“ಗುರುವಾರ ಸಮಿತಿ ಕರ್ಕೊಂಡು ಬರ್ತೀನಿ. ಹಗಲು ಹೊತ್ತಿನಲ್ಲಿ, ಎಲ್ಲರ ಮುಂದೆ, ಪ್ರತಿ ಬಾಗಿಲೂ ತೆಗೀಬೇಕು.”

ಸಾರ್ ಅನ್ನಲಿಲ್ಲ. ಬಾಗಿಲವರೆಗೆ ಬಂದು ಬೀಳ್ಕೊಡಲೂ ಇಲ್ಲ. ನ್ಯಾಯವೇ.

ಏಪ್ರಿಲ್ 10, ಗುರುವಾರ

ನಿನ್ನೆ ಕ್ಷೌರಿಕ ಬಂದು ಬಾಗಿಲಲ್ಲೇ ನಿಂತು ಬೈದು ಹೋದ. “ಮರ್ಯಾದೆ ಉಳಿಸಿ ಅಂದವರೂ ನೀವೇ, ಈಗ ಬೀದಿಗೆ ಹಾಕೋರೂ ನೀವೇ. ನಾನು ಯಾವ ಮುಖ ಇಟ್ಕೊಂಡು ಕತ್ತರಿ ಹಿಡೀಲಿ?”

ಇವತ್ತು ಹನ್ನೊಂದರ ಹೊತ್ತಿಗೆ ಮೇಡಂ, ಸಮಿತಿಯ ಹಿರಿಯರಿಬ್ಬರು, ಅವರ ಹಿಂದೆ ಅರ್ಧ ಬೀದಿ. ಮೆಟ್ಟಿಲ ಮೇಲೆ ಅಷ್ಟು ಜನರ ಹೆಜ್ಜೆ ಸದ್ದು ಕೇಳಿ ಎಷ್ಟು ಕಾಲವಾಗಿತ್ತು. ಒಂದು ಗಳಿಗೆ ಸಂತೋಷವೇ ಆಯಿತು, ಮರುಗಳಿಗೆ ಅದಕ್ಕೂ ನಾಚಿಕೆಯಾಯಿತು.

ಮೊದಲ ರೂಮು ತೆಗೆದೆ. ಮುಚ್ಚಿದ ಗಾಳಿಯ ಮುಗ್ಗಲು ವಾಸನೆ. ಸುತ್ತಿಟ್ಟ ಹಾಸಿಗೆ, ಅದರ ಮೇಲೆ ಧೂಳು ಬೀಳದಿರಲೆಂದು ಹಾಕಿದ ಪ್ಲಾಸ್ಟಿಕ್ಕು. ಬಾಗಿಲ ಹಿಂದೆ ‘ಸೈರನ್ ಕೂಗಿದರೆ ಏನು ಮಾಡಬೇಕು’ ಅನ್ನುವ ಸ್ಥಾವರದ ಹಳೇ ಕಾರ್ಡು. ಎರಡನೆಯದು ಹಾಗೇ. ಮೂರನೆಯದರಲ್ಲಿ ಕಿಟಕಿಯ ಕೆಳಗೆ ಸತ್ತ ನೊಣಗಳು. ಔಷಧಿ ಕಂಪನಿಯವನ ರೂಮೊಂದನ್ನು ಬಿಟ್ಟು, ಒಂದೊಂದು ಬೀಗ ತೆಗೆದಾಗಲೂ “ಖಾಲಿ” ಎಂದು ನಾನೇ ಹೇಳಿದೆ. ಹೇಳುತ್ತಾ ಹೇಳುತ್ತಾ ಅದೂ ಒಂದು ಮಾಮೂಲಿ ಮಾತಾಯಿತು, ಬಾಗಿಲು, ಕಿಟಕಿ ಅಂದ ಹಾಗೆ.

ಕೊನೆಗೆ ಸಮಿತಿಯವರಲ್ಲೊಬ್ಬರು, ಬಿಳೀ ಮೀಸೆಯವರು, ನಿನ್ನ ಮಗನನ್ನು ಕರೆದರು. ಅವನು ಮೆಟ್ಟಿಲ ತುದಿಯಲ್ಲಿ ನಿಂತಿದ್ದ.

“ಏನಪ್ಪಾ, ಮಾರ್ಚಿನಲ್ಲಿ ಇವೆಲ್ಲ ತುಂಬಿತ್ತು ಅಂತ ಹೇಳಿದ್ದು ನೀನೇ ಅಲ್ವಾ?”

“ಹೌದು ಸಾರ್. ತುಂಬಿತ್ತು.” ನನ್ನ ಕಡೆ ನೋಡಲಿಲ್ಲ. “ಎಲ್ಲ ಹೋದ ವಾರ ಖಾಲಿ ಮಾಡ್ಕೊಂಡು ಹೋದ್ರು. ಮಾವ ಆವಾಗ ಸುಳ್ಳು ಹೇಳಿಲ್ಲ.”

ಬಿಳೀ ಮೀಸೆಯವರು ಮೇಡಂ ಕಡೆ ತಿರುಗಿ, “ನೋಡಿ ಮತ್ತೆ! ಕರಡು ಹೇಗಿದೆಯೋ ಹಾಗೇ ಇರ್ಲಿ” ಅಂದರು. ಕೆಲಸ ಮುಗಿಯಿತು ಅನ್ನುವ ಸಮಾಧಾನ ಅವರ ಮುಖದಲ್ಲಿತ್ತು.

ತಂಗೀ, ನನ್ನ ಮರ್ಯಾದೆಯನ್ನು ನಿನ್ನ ಮಗ ಅಷ್ಟು ಜನರ ಮುಂದೆ ಎರಡೂ ಕೈಯಲ್ಲಿ ಎತ್ತಿ ನನಗೆ ವಾಪಸು ಕೊಡುತ್ತಿದ್ದ. ಒಂದು ಕ್ಷಣ ತೆಗೆದುಕೊಂಡುಬಿಡೋಣ ಅನ್ನಿಸಿತು. ಇದನ್ನು ಬರೆಯದೆ ಇರಬಹುದಿತ್ತು.

“ಇವನು ಸುಳ್ಳು ಹೇಳ್ತಿದ್ದಾನೆ” ಅಂದೆ.

“ಮಾವ, ಸುಮ್ನಿರಿ.”

“ಸುಳ್ಳುಗಾರ ಸಾರ್ ಇವನು. ನನ್ನ ಮುಖ ನೋಡಿ ಸುಳ್ಳು ಹೇಳ್ತಾನೆ. ಹೇಳ್ಕೊಟ್ಟಿದ್ದು ನಾನು. ಇವನ ಲಾಂಡ್ರಿಗೆ ಒಂದೂವರೆ ವರ್ಷದಿಂದ ಲಾಡ್ಜಿನ ಬಟ್ಟೆ ಇಲ್ಲ. ಒಗೆದಿದ್ದನ್ನೇ ಒಗೆದು ಒಣಹಾಕಿದ್ದಾನೆ.”

“ಸರಿ, ಸುಳ್ಳು ಹೇಳಿದವರು ಇಬ್ಬರೂ” ಅಂದರು ಬಿಳೀ ಮೀಸೆಯವರು. “ಯಾರ ಎರಡನೇ ಮಾತು ನಂಬೋಣ?”

ಆಗ ನಿನ್ನ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ಮಾತು ಯಾಕೆ ನಂಬ್ತೀರಿ? ಮೂಗಿಲ್ವಾ? ಹೋದ ವಾರದವರೆಗೂ ಗಂಡಸ್ರು ಮಲಗಿದ್ದ ಹಾಸಿಗೆ ಹೇಗಿರುತ್ತೆ ಅಂತ ನಿಮಗೆ ಗೊತ್ತಿಲ್ವಾ? ಮೂಸಿ ನೋಡಿ.” ಪ್ಲಾಸ್ಟಿಕ್ಕು ಎಳೆದು ಹಾಸಿಗೆ ಬಿಚ್ಚಿಹಾಕಿದಳು. ಯಾರಿಗೂ ನಗು ಬರಲಿಲ್ಲ. ಮೇಡಂ ನಿಜವಾಗಿಯೂ ಬಗ್ಗಿದರು, ಇನ್ನೊಂದು ರೂಮಿಗೂ ಹೋಗಿ ಬಗ್ಗಿದರು. ಎದ್ದು ಬಂದು, “ಬೀದಿಯನ್ನ ಮತ್ತೆ ಅಳೀಬೇಕು” ಎಂದಷ್ಟೇ ಹೇಳಿದರು.

ನಿನ್ನ ಮಗ ಆಗಲೇ ಇಳಿದು ಹೋಗಿದ್ದ.

ಏಪ್ರಿಲ್ 12, ಶನಿವಾರ

ತಂಗೀ, ಇವತ್ತಿನದು ನಿನಗೆ. ಇಲ್ಲಿ ಬರೆದು, ಆಮೇಲೆ ಕಾಗದಕ್ಕೆ ಇಳಿಸಿ ಅಂಚೆಗೆ ಹಾಕುತ್ತೇನೆ. ಇದರ ಹಿಂದಿನ ಪುಟಗಳನ್ನೂ ಇಳಿಸುತ್ತೇನೆ, ನನಗೆ ಅನುಕೂಲವಾದವನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ.

ನಿನ್ನ ಮಗನನ್ನು ಬೀದಿಯವರೆಲ್ಲರ ಎದುರಿಗೆ ಸುಳ್ಳುಗಾರ ಅಂದೆ. ಬೇರೆಯವರ ಬಾಯಿಂದ ನಿನಗೆ ತಲುಪುವ ಮೊದಲು ನನ್ನಿಂದ ತಲುಪಲಿ.

ಬೀದಿಯನ್ನು ಮತ್ತೆ ಅಳೆಯುತ್ತಿದ್ದಾರೆ. ನಿನ್ನೆ ಕ್ಷೌರಿಕನೂ ಹೋಗಿ, ಅವತ್ತು ಕೂತಿದ್ದವರು ತನ್ನ ಮನೆಯವರು ಎಂದು ಹೇಳಿ ಬಂದನಂತೆ. ನನ್ನ ಹತ್ತಿರ ಇನ್ನೂ ಮಾತಿಲ್ಲ. ಲಾಂಡ್ರಿಯದು ಮಾತ್ರ ನಿಂತಿದೆ. ಮೇಡಂ ತಾವೇ ಬಂದು ಹೇಳಿದರು: ಅವನು ಸಮಿತಿಯ ಮುಂದೆ ಕೊಟ್ಟ ಹೇಳಿಕೆ ಹಾಗೇ ಇರುವವರೆಗೂ ಅವನನ್ನು ಮೊದಲ ಗುಂಪಿಗೆ ಸೇರಿಸಲಾಗುವುದಿಲ್ಲ. ಅವನೇ ಬಂದು, ಆಗ ಹೇಳಿದ್ದು ಸುಳ್ಳು, ಮಾವ ಹೇಳಿಸಿದ್ದು ಎಂದು ಬರೆದುಕೊಡಬೇಕು. ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಅಷ್ಟು ಕಾಯಬೇಕೆಂದು ಅವರಿಗೇನೂ ಇಲ್ಲ, ಅದು ಅವರ ದೊಡ್ಡತನ.

ನಾನು ಲಾಂಡ್ರಿಗೆ ಹೋದೆ. ಅವನು ಇಸ್ತ್ರಿಪೆಟ್ಟಿಗೆ ಕೆಳಗಿಡದೆ, “ಮಾವನ ಮೇಲೆ ನಾನು ಬರೆದುಕೊಡಲ್ಲ” ಅಂದ. ಬರಿ, ನಿಜ ತಾನೇ ಅಂದೆ. “ನಿಜ ಆದ್ರೇನು” ಅಂದ. ಬೇಡಿಕೊಂಡೆ. ಬೈದೆ. ನಿನ್ನ ಅತ್ತಿಗೆ ಹೋಗಿ ಅತ್ತಳು. ಅವನು ಬಾಗಿಲು ಅರ್ಧ ಎಳೆದುಕೊಂಡಿದ್ದಾನೆ, ಲಾಂಡ್ರಿ ಕೊಳ್ಳುವವನೊಬ್ಬ ನಾಳಿದ್ದು ನೋಡಲು ಬರುತ್ತಾನಂತೆ.

ನನ್ನ ಮಾತು ಅವನು ಕೇಳಬಾರದ ದಿನ ಕೇಳಿದ, ಕೇಳಬೇಕಾದ ದಿನ ಕೇಳುತ್ತಿಲ್ಲ. ಅವನು ಕೇಳುವುದು ಇನ್ನು ನಿನ್ನದೊಂದೇ ಮಾತು. ಮಾವನ ವಿರುದ್ಧ ಬರೆದುಕೊಡು ಎಂದು ನೀನು ಹೇಳಬೇಕು. ಅಣ್ಣನ ಮೇಲೆ ಹಾಗೆ ಬರೆಯಲು ನಿನಗೆ ಕೈ ಬರುವುದಿಲ್ಲ, ಗೊತ್ತು. ಆದರೂ ಬರಿ. ನನ್ನ ಮೇಲೆ ನಿನಗೆ ಸಿಟ್ಟು ಬಂದಿದ್ದರೆ ಅದು ಆರುವ ಮುಂಚೆ ಬರಿ, ಆಗ ಸುಲಭವಾಗುತ್ತದೆ.

ಭಾವನವರಿಗೆ, ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು, ಅವರು ತೆಗೆದುಕೊಂಡರೆ.

ನನಗೆ ಉತ್ತರ ಬರೆಯುತ್ತಾ ಕೂರಬೇಡ. ಅವನಿಗೆ ಬರಿ. ಬೇಗ ಬರಿ.